ರಾಜೀನಾಮೆಗೆ ಸಹಿ ಹಾಕುವ ಮೊದಲು

ಕೇಳಿದವರು, ತುಮಕೂರಿನಿಂದ:
ನನ್ನ ಅಣ್ಣ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಒಂಬತ್ತು ವರ್ಷಗಳಿಂದ ಇದ್ದಾನೆ. ಫ್ಯಾನ್ ಮೋಟಾರಿನ ಬಿಡಿಭಾಗ ಮಾಡುತ್ತಾರೆ. ಚೀನಾದ ಮಾಲು ಅಗ್ಗವಾಗಿ ಬಂದು ಆರ್ಡರ್ ನಿಂತಿದೆ, ಬಾಗಿಲು ಹಾಕುತ್ತಾರಂತೆ. ಎಲ್ಲರಿಂದಲೂ ರಾಜೀನಾಮೆ ಕೇಳುತ್ತಿದ್ದಾರೆ. ಆಮದಿನಿಂದ ಕೆಲಸ ಹೋದವರಿಗೆ ಸರ್ಕಾರದ ನೆರವು ಇದೆಯೇ?

ರಾಜಾಜಿನಗರದಿಂದ, ಕಾರ್ಮಿಕ ಸಂಘದಲ್ಲಿದ್ದವರು:
ಮೊದಲು ರಾಜೀನಾಮೆಯ ವಿಷಯ. ದಯವಿಟ್ಟು ಬರೆದುಕೊಡಬೇಡಿ. ಮಾಲು ಎಲ್ಲಿಂದ ಬಂತು ಎಂದು ನಮ್ಮ ಕಚೇರಿಗಳಲ್ಲಿ ಯಾರೂ ಕೇಳುವುದಿಲ್ಲ. ಇ.ಎಸ್.ಐ. (ನೌಕರರ ರಾಜ್ಯ ವಿಮೆ) ವಂತಿಗೆ ಎಷ್ಟು ಕಾಲ ಕಟ್ಟಿದೆ, ಕೆಲಸ ಹೇಗೆ ಹೋಯಿತು, ಇಷ್ಟೇ ಪ್ರಶ್ನೆ. ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ 2005ರಿಂದ ಇದೆ. ಕಾರ್ಖಾನೆ ಮುಚ್ಚಿದ್ದರೆ ಅಥವಾ ಜನ ಹೆಚ್ಚಾದರೆಂದು ಕೆಲಸದಿಂದ ತೆಗೆದಿದ್ದರೆ ಮೊದಲ 12 ತಿಂಗಳು ದಿನದ ಸರಾಸರಿ ವೇತನದ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ ಸಿಗುತ್ತದೆ. ಆ ಅವಧಿಯಲ್ಲಿ ಮನೆಯವರಿಗೆಲ್ಲ ಇ.ಎಸ್.ಐ. ಚಿಕಿತ್ಸೆಯೂ ಉಂಟು. ‘ಸ್ವಂತ ಇಚ್ಛೆಯಿಂದ ಬಿಟ್ಟಿದ್ದೇನೆ’ ಎಂಬ ಒಂದು ಸಾಲು ಕಡತ ಸೇರಿದರೆ ಇಷ್ಟೂ ಕೈತಪ್ಪುತ್ತದೆ. ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು.

ಬೊಮ್ಮಸಂದ್ರದಿಂದ:
ನಾನು ಪಡೆದದ್ದು ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯ ಹಣ. ಗರಿಷ್ಠ 90 ದಿನ, ಸರಾಸರಿ ವೇತನದ ಅರ್ಧ, ಜೀವಮಾನಕ್ಕೆ ಒಂದೇ ಸಲ. ಎರಡು ವರ್ಷ ವಿಮೆಯಲ್ಲಿರಬೇಕು. ಕೆಲಸ ಹೋಗುವ ಮುಂಚಿನ ಆರು ತಿಂಗಳ ವಂತಿಗೆ ಅವಧಿಯಲ್ಲಿ 78 ದಿನ, ಅದರ ಹಿಂದಿನ ಮೂರು ಅವಧಿಗಳಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ವಂತಿಗೆ ಬಿದ್ದಿರಬೇಕು. ಕೆಲಸ ಹೋಗಿ 30 ದಿನ ಕಳೆದ ಮೇಲೆ ಅರ್ಜಿ. ಒಂದೇ ಅವಧಿಗೆ ಎರಡೂ ಯೋಜನೆಯ ಹಣ ಕೊಡುವುದಿಲ್ಲ, ನಿಮ್ಮ ಅಣ್ಣನಿಗೆ ರಾಜೀವ್ ಗಾಂಧಿ ಯೋಜನೆಯೇ ಲಾಭ. ಅಟಲ್ ಯೋಜನೆಯ ಅವಧಿಯನ್ನು ಆಗಾಗ ವಿಸ್ತರಿಸುತ್ತಾ ಬಂದಿದ್ದಾರೆ. ಈಗ ಚಾಲ್ತಿಯಲ್ಲಿದೆಯೇ ಎಂದು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ. ಗುತ್ತಿಗೆದಾರ ಬದಲಾದಾಗಲೆಲ್ಲ ಹೊಸ ವಿಮಾ ಸಂಖ್ಯೆ ಮಾಡಿಸಿದ್ದರೆ ಹಳೆಯ ವಂತಿಗೆ ಲೆಕ್ಕಕ್ಕೇ ಬಾರದಂತಾಗುತ್ತದೆ, ಅದನ್ನು ಈಗಲೇ ನೋಡಿ.

ಹೊಸೂರಿನಿಂದ:
ಸಂಬಳ ಎಷ್ಟು? ತಿಂಗಳಿಗೆ 21,000 ರೂಪಾಯಿ ದಾಟಿದವರು ಇ.ಎಸ್.ಐ. ಹೊರಗೆ. ನಮ್ಮಲ್ಲಿ ಹಳಬರೆಲ್ಲ ಹಾಗೆಯೇ ಹೊರಗುಳಿದರು.

ಅಮೆರಿಕದ ಒಹಾಯೊದಿಂದ:
ನೀವು ಕೇಳಿದಂಥದ್ದೇ ಯೋಜನೆ ಇಲ್ಲಿ ಇತ್ತು. ಮೂವರು ಕಾರ್ಮಿಕರು ಸೇರಿ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಬಹುದಿತ್ತು. ಆಮದಿನಿಂದ ಅಥವಾ ಉತ್ಪಾದನೆ ಹೊರದೇಶಕ್ಕೆ ಹೋದದ್ದರಿಂದ ಕೆಲಸ ಹೋಗಿದೆ ಎಂದು ಇಲಾಖೆ ಒಪ್ಪಿದರೆ ಆ ಗುಂಪಿನವರಿಗೆ ತರಬೇತಿಯ ಖರ್ಚು, ನಿರುದ್ಯೋಗ ವಿಮೆ ಮುಗಿದ ಮೇಲೂ ವಾರದ ಭತ್ಯೆ. ಸಂಸತ್ತು ನವೀಕರಿಸಲಿಲ್ಲ, 2022ರ ಜುಲೈ 1ರಿಂದ ಹೊಸ ಅರ್ಜಿಗಳ ಮೇಲೆ ತೀರ್ಮಾನವನ್ನೇ ಕೊಡುತ್ತಿಲ್ಲ.

ಕೇಳಿದವರು:
ಸಂಬಳ 18,500, ವಿಮಾ ಸಂಖ್ಯೆ ಒಂದೇ. ಆದರೆ ಮಾಲೀಕರು ಈಗ ‘ಆಮದು ನಮ್ಮ ಕೈಮೀರಿದ್ದು, ಕಾನೂನಿನ ಪ್ರಕಾರ ಮೂರು ತಿಂಗಳ ಪರಿಹಾರ ಮಾತ್ರ’ ಎನ್ನುತ್ತಿದ್ದಾರೆ.

ರಾಜಾಜಿನಗರದಿಂದ:
ಅರ್ಧ ಕಾನೂನು ಓದಿದ್ದಾರೆ. ಮಾಲೀಕರ ಹತೋಟಿ ಮೀರಿದ, ತಪ್ಪಿಸಲಾಗದ ಕಾರಣಕ್ಕೆ ಮುಚ್ಚಿದರೆ ಮೂರು ತಿಂಗಳ ಮಿತಿ ಇದೆ, ನಿಜ. ಆದರೆ ನಷ್ಟ, ಹಣಕಾಸಿನ ತೊಂದರೆ, ಮಾರಾಟವಾಗದೆ ಉಳಿದ ದಾಸ್ತಾನು, ಇಷ್ಟನ್ನೇ ಮುಂದಿಟ್ಟರೆ ಅದು ಅಂಥ ಕಾರಣವಾಗುವುದಿಲ್ಲ ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೇ ವಿವರಣೆ ಇತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ಅಗ್ಗದ ಆಮದಿನಿಂದ ಆದದ್ದೂ ನಷ್ಟವೇ ತಾನೇ? ವರ್ಷಕ್ಕೆ 15 ದಿನದಂತೆ ಒಂಬತ್ತು ವರ್ಷಕ್ಕೆ 135 ದಿನದ ವೇತನ ಬರಬೇಕು. ಗ್ರಾಚ್ಯುಯಿಟಿ ಬೇರೆ, ಎರಡರ ಲೆಕ್ಕವೂ 15 ದಿನದ್ದೇ ಆದ್ದರಿಂದ ಒಂದನ್ನು ಕೊಟ್ಟು ಎರಡೂ ಮುಗಿಯಿತು ಎನ್ನುವವರಿದ್ದಾರೆ. ಮುಚ್ಚುವ ವಿಷಯವನ್ನು ಮಾಲೀಕರಿಂದ ಬರವಣಿಗೆಯಲ್ಲಿ ಪಡೆಯಿರಿ. ಕೊಡದಿದ್ದರೆ ನಾಲ್ಕಾರು ಜನ ಒಟ್ಟಾಗಿ, ಸಂಬಳದ ಚೀಟಿಗಳೊಂದಿಗೆ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನಕ್ಕೆ ಹೋಗಿ ದೂರು ಕೊಡಿ.