ಎರಡು ಬಯಾಪ್ಸಿ, ಒಂದೇ ಹೆಸರು: ಗೊತ್ತಿದ್ದವರು ಸಹಾಯ ಮಾಡಿ

ನಮಸ್ಕಾರ. ನಮ್ಮದು ವಿರಾಜಪೇಟೆ ಹತ್ತಿರ. ಅಪ್ಪನಿಗೆ 67. ಕಾಫಿ ಕೊಯ್ಲಿನ ಹೊತ್ತಿಗೆ ಕಡಂಬುಟ್ಟು (ಅಕ್ಕಿ ಕಡುಬು) ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅನ್ನುತ್ತಿದ್ದರು. ಈಗ ಗಂಜಿ ಮಾತ್ರ ಇಳಿಯುತ್ತದೆ.

ಎಂಡೋಸ್ಕೋಪಿ ಮಾಡಿ ಅನ್ನನಾಳದಿಂದ ಚೂರು ತೆಗೆದರು. ಸ್ಕ್ವೇಮಸ್ ಸೆಲ್ ಕಾರ್ಸಿನೋಮ (ಚಪ್ಪಟೆ ಕೋಶಗಳ ಕ್ಯಾನ್ಸರ್) ಅಂತ ಬಂತು. ಸ್ಕ್ಯಾನಿನಲ್ಲಿ ಬಲ ಶ್ವಾಸಕೋಶದಲ್ಲೂ ಒಂದೇ ಒಂದು ಗಂಟು. ಸೂಜಿ ಹಾಕಿ ಅದರ ಚೂರೂ ತೆಗೆದರು. ಅಲ್ಲೂ ಅದೇ ಹೆಸರು! ಗಡ್ಡೆ ಯಾವ ಬಗೆಯದು ಅಂತ ತಿಳಿಯಲು ಚೂರಿಗೆ ಬಣ್ಣ ಹಾಕಿ ಕೆಲವು ಪ್ರೋಟೀನ್ ಇವೆಯಾ ಅಂತ ನೋಡುತ್ತಾರಂತೆ; ಅದರಲ್ಲಿ ಪಿ40 ಪಾಸಿಟಿವ್, ಟಿಟಿಎಫ್-1 ನೆಗೆಟಿವ್.

ಟಿಟಿಎಫ್-1 ನೆಗೆಟಿವ್ ಅಂದರೆ ಶ್ವಾಸಕೋಶದಲ್ಲಿ ಹುಟ್ಟಿದ್ದಲ್ಲ, ಅನ್ನನಾಳದ್ದೇ ಹರಡಿದೆ ಅಂದುಕೊಂಡು ಒಂದು ರಾತ್ರಿ ಅತ್ತಿದ್ದೇ ಬಂತು. ಹಾಗಲ್ಲವಂತೆ. ಅದು ಜಾಸ್ತಿ ಸಹಾಯಕ್ಕೆ ಬರುವುದು ಅಡಿನೋಕಾರ್ಸಿನೋಮ ಅನ್ನುವ ಶ್ವಾಸಕೋಶದ ಇನ್ನೊಂದು ಬಗೆಯ ಕ್ಯಾನ್ಸರ್ ಗುರುತಿಸಲು. ಶ್ವಾಸಕೋಶದ ಸ್ವಂತ ಸ್ಕ್ವೇಮಸ್ ಗಡ್ಡೆಯಲ್ಲೂ ಸಾಮಾನ್ಯವಾಗಿ ನೆಗೆಟಿವ್ವೇ. ಪಿ40 ಎರಡೂ ಕಡೆಯದರಲ್ಲಿ ಪಾಸಿಟಿವ್. ಅಂದರೆ ಗಡ್ಡೆಯ ಜಾತಿ ಗೊತ್ತಾಯಿತು, ಊರು ಗೊತ್ತಾಗಲಿಲ್ಲ.

ಮಳೆಯಲ್ಲೇ ಮೂರು ಸಲ ಮೈಸೂರಿಗೆ ಹೋಗಿ ಬಂದೆವು. ಒಬ್ಬ ಡಾಕ್ಟರು ಇದು ಹರಡಿದ್ದು, ನಾಲ್ಕನೇ ಹಂತ ಅಂತಾರೆ. ಇನ್ನೊಬ್ಬರು ಎರಡೂ ಬೇರೆ ಬೇರೆ ಕ್ಯಾನ್ಸರ್ ಇರಬಹುದು, ಹಾಗಿದ್ದರೆ ಎರಡಕ್ಕೂ ಗುಣವಾಗುವ ಚಿಕಿತ್ಸೆ ನೋಡೋಣ ಅಂತಾರೆ. ಯಾರ ಮಾತು ಹಿಡಿಯೋದು? ಸ್ಲೈಡು, ಮೇಣದ ಬ್ಲಾಕು (ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟದ್ದು) ನಮ್ಮ ಹತ್ತಿರವೇ ಇವೆ. ಶ್ವಾಸಕೋಶದ ಚೂರು ದಾರದ ತುಂಡಿನಷ್ಟು ಇದೆ, ಅಷ್ಟೇ.

ನಿಮ್ಮ ಮನೆಯಲ್ಲಿ ಹೀಗಾಗಿದ್ದರೆ, ಇಲ್ಲ ನೀವು ಪೆಥಾಲಜಿಯವರಾದರೆ (ಇಂಥ ಚೂರು ನೋಡಿ ರೋಗ ಹೇಳುವ ಡಾಕ್ಟರು) ಹೇಳಿ: ಎರಡೂ ಬ್ಲಾಕನ್ನು ಒಬ್ಬರೇ ಪೆಥಾಲಜಿಸ್ಟ್‌ಗೆ ಒಟ್ಟಿಗೆ ತೋರಿಸಿದರೆ ಸಾಕಾ, ಅಥವಾ ಎರಡರ ಜೀನ್ ಪರೀಕ್ಷೆಯನ್ನೂ ಮಾಡಿಸಿ ಹೋಲಿಸಬೇಕಾ? ಅದಕ್ಕೆ ಇಷ್ಟು ಸಣ್ಣ ಚೂರು ಸಾಲುತ್ತದಾ?