ಜಪಾನಿನ ಚಹಾ: ಪೊಟ್ಟಣ ಚಿಕ್ಕದು, ಬೆಲೆ ಏಕೆ ದೊಡ್ಡದು?

ವಸುಧಾ, ಹಾಸನ:
ಒಸಾಕಾದಲ್ಲಿ ಕೆಲಸಕ್ಕಿರುವ ತಮ್ಮ ಸೆಂಚಾ, ಗ್ಯೊಕುರೊ, ಹೋಜಿಚಾ ಎಂಬ ಮೂರು ಪೊಟ್ಟಣ ಕಳಿಸಿದ್ದಾನೆ. ಗ್ಯೊಕುರೊ ಪೊಟ್ಟಣ ಎಲ್ಲಕ್ಕಿಂತ ಚಿಕ್ಕದು, ಬೆಲೆ ಎಲ್ಲಕ್ಕಿಂತ ಹೆಚ್ಚು! ಮೂರೂ ಬೇರೆ ಬೇರೆ ಗಿಡಗಳೇ? ಸೆಂಚಾ ಕುದಿಸಿದರೆ ಬೇವಿನ ಕಷಾಯವಾಗುತ್ತದೆ. ಹಾಲು ಹಾಕಬಹುದೇ?

ಶಿಜುವೊಕಾ ವಾಸಿ:
ಗಿಡ ಒಂದೇ, ವಸುಧಾ ಅವರೇ. ವ್ಯತ್ಯಾಸವೆಲ್ಲ ನೆರಳಿನದು, ಬೆಂಕಿಯದು. ಗ್ಯೊಕುರೊ ತೋಟಕ್ಕೆ ಕೊಯ್ಲಿಗೆ ಸುಮಾರು 20 ದಿನ ಮೊದಲೇ ಚಪ್ಪರ ಹಾಕಿ ಬಿಸಿಲು ತಡೆಯುತ್ತಾರೆ. ಬಿಸಿಲು ತಾಗಿದರೆ ಎಲೆಗೆ ಹಿತವಾದ ರುಚಿ ಕೊಡುವ ಥಿಯಾನಿನ್ ಎಂಬ ಅಂಶ ಒಗರಿನ ಕ್ಯಾಟೆಚಿನ್ ಆಗಿಬಿಡುತ್ತದೆ. ನೆರಳಿನಲ್ಲಿ ಥಿಯಾನಿನ್ ಉಳಿದು ರುಚಿ ಮೆತ್ತಗಿರುತ್ತದೆ. ಚಪ್ಪರದ ಖರ್ಚು, ಒಳ್ಳೆಯ ಎಲೆಯನ್ನು ಕೈಯಲ್ಲೇ ಕೊಯ್ಯುವ ಕೂಲಿ, ಎಲ್ಲ ಸೇರಿದ ಮೇಲೆ ಬೆಲೆ ಏರದೆ ಇರುತ್ತದೆಯೇ? ಇದಕ್ಕೆ 50-60 ಡಿಗ್ರಿ ನೀರು ಸಾಕು.

ಸೆಂಚಾಗೆ 70-80. ಥರ್ಮಾಮೀಟರ್ ಬೇಡ. ಕುದಿದ ನೀರನ್ನು ಖಾಲಿ ಬಟ್ಟಲುಗಳಿಗೆ ಸುರಿದು, ಸ್ವಲ್ಪ ತಡೆದು ಎಲೆಯ ಮೇಲೆ ಹಾಕಿ. ಪಾತ್ರೆ ಬದಲಿಸಿದಾಗಲೆಲ್ಲ ಹತ್ತು ಡಿಗ್ರಿಯಷ್ಟು ಇಳಿಯುತ್ತದೆ. ಒಂದು ನಿಮಿಷ ಬಿಟ್ಟು ಕೊನೆಯ ಹನಿಯವರೆಗೂ ಬಸಿಯಿರಿ. ಎಲೆಯಲ್ಲಿ ನೀರು ನಿಂತರೆ ಎರಡನೆಯ ಸುತ್ತು ಕಹಿಯೇ.

ಹೋಜಿಚಾ ಹುರಿದ ಎಲೆ, ಕೊತಕೊತ ಕುದಿಯುವ ನೀರಿಗೂ ಅಂಜುವುದಿಲ್ಲ. ಇಲ್ಲಿ ಜಪಾನಿನ ಶಿಜುವೊಕಾದ ಚಹಾ ಅಂಗಡಿಯಲ್ಲಿ ಹುರಿಯುವ ಯಂತ್ರ ತಿರುಗತೊಡಗಿದರೆ ಬೀದಿಯ ತಿರುವಿನಲ್ಲೇ ಘಮ ಮೂಗಿಗೆ ಬಡಿಯುತ್ತದೆ. ರಾತ್ರಿ ಊಟದ ಮೇಲೆ ನನಗೆ ಇದೇ ಬೇಕು.

ಗಿರೀಶ:
ಚಹಾ ಅಲ್ಲಿಗೆ ಹೋದದ್ದು ಬೌದ್ಧ ಭಿಕ್ಷುಗಳಿಂದಲ್ಲವೇ? ಮಚ್ಚಾ ಎಂಬ ಪುಡಿ ಚಹಾದ ಬಗ್ಗೆ ಒಂದು ಮಾತೂ ಇಲ್ಲವಲ್ಲ!

ಶಿಜುವೊಕಾ ವಾಸಿ:
ಮಚ್ಚಾ ಬಗ್ಗೆ ಊರೆಲ್ಲ ಮಾತಾಡುತ್ತಿದೆ, ನಾನೇಕೆ ಆಡಲಿ? ಭಿಕ್ಷುಗಳ ಮಾತು ನಿಜ. 1191ರಲ್ಲಿ ಚೀನಾದಿಂದ ಮರಳಿದ ಭಿಕ್ಷು ಐಸಾಯ್ ಚಹಾ ಬೀಜ ತಂದರೆಂಬುದು ಪ್ರತೀತಿ. ಆಗ ಪುಡಿ ಚಹಾದ್ದೇ ಮರ್ಯಾದೆ. ಸೆಂಚಾ ಈಗಿನ ರೂಪಕ್ಕೆ ಬಂದದ್ದು 1738ರಲ್ಲಿ; ಕ್ಯೋಟೊ ಬಳಿಯ ಉಜಿ ಸೀಮೆಯ ನಾಗಾತಾನಿ ಸೋಏನ್ ಎಳೆ ಚಿಗುರನ್ನು ಹಬೆಯಲ್ಲಿ ಬೇಯಿಸಿ, ಕೆಂಡದ ಮೇಲಿನ ಕಾಗದದ ಹಾಸಿನಲ್ಲಿ ಕೈಯಿಂದಲೇ ಹೊಸೆದು ಒಣಗಿಸಿದ. ಹಸಿರು ಉಳಿಯಿತು. ನನ್ನ ಲೆಕ್ಕದಲ್ಲಿ ದೊಡ್ಡವನು ಇವನೇ.

ನಮ್ಮ ಭಾರತದ ನಂಟೂ ಇದೆ. ಜಪಾನಿನ ಚಹಾ ಬೆಳೆಗಾರ ತಾದಾ ಮೊತೊಕಿಚಿ 1876ರಲ್ಲಿ ಅಸ್ಸಾಂ, ಡಾರ್ಜಿಲಿಂಗ್ ಸುತ್ತಿ, ಕಪ್ಪು ಚಹಾ ಮಾಡುವುದನ್ನು ಕಲಿತು ಬೀಜವನ್ನೂ ಕೊಂಡೊಯ್ದ. ಅವನ ತೋಟವಿದ್ದ ಮಾರಿಕೊ ಇದೇ ಶಿಜುವೊಕಾದಲ್ಲಿದೆ.

ವಸುಧಾ, ಹಾಸನ:
ಹಾಲಿನ ಪ್ರಶ್ನೆ ಹಾಗೆಯೇ ಉಳಿಯಿತು.

ಶಿಜುವೊಕಾ ವಾಸಿ:
ಹೋಜಿಚಾಗೆ ಧಾರಾಳವಾಗಿ ಹಾಕಿ. ಗ್ಯೊಕುರೊಗೆ ಹಾಕುವುದಾದರೆ ತಮ್ಮನಿಗೆ ಹೇಳಬೇಡಿ.