ಒಂದೇ ಕೋವಿಮದ್ದು, ಎರಡು ಪಟ್ಟಿಯಲ್ಲಿ ಎರಡು ಜಾಗ: ಯಾವುದನ್ನು ನಂಬುವುದು?

ಹಿರಿಯಡ್ಕದ ಹುಡುಗ:
ನಮಸ್ಕಾರ. ಸಮಸ್ಯೆ ಸ್ವಲ್ಪ ಉದ್ದ ಉಂಟು, ದಯವಿಟ್ಟು ಪೂರ್ತಿ ಓದಿ.

ನನ್ನ ಭಾವ ಟೆಕ್ಸಾಸಿನಲ್ಲಿದ್ದಾರೆ. ಕೋವಿಯ ಖಾಲಿ ತೋಟೆಗೆ (ಕಾರ್ಟ್ರಿಜ್) ಪುನಃ ಮದ್ದು ತುಂಬುವುದು ಅಲ್ಲಿ ಮಾಮೂಲು ಹವ್ಯಾಸ. ಕಳೆದ ವಾರ ಎರಡು ಪಟ್ಟಿ ಕಳಿಸಿದರು. ಬೇಗ ಉರಿಯುವ ಮದ್ದು ಮೇಲೆ, ನಿಧಾನ ಉರಿಯುವುದು ಕೆಳಗೆ. ಎರಡೂ ಬೇರೆ ಬೇರೆ ಕಂಪನಿಯವು. ಒಂದರಲ್ಲಿ ಮೇಲಿರುವ ಮದ್ದು ಇನ್ನೊಂದರಲ್ಲಿ ನಾಲ್ಕು ಮೆಟ್ಟಿಲು ಕೆಳಗೆ! ಅದೂ ಅಲ್ಲದೆ 4350 ಎಂಬ ಸಂಖ್ಯೆ ಮದ್ದಿನ ಹೆಸರುಗಳಲ್ಲಿ ಮೂರು ಸಲ ಬಂದಿದೆ: ಐಎಂಆರ್ 4350, ಎಚ್ 4350, ಅಕ್ಯುರೇಟ್ 4350. ಮೂರೂ ಒಂದೇ ಅಲ್ವಾ?

ಇನ್ನೊಂದು ವಿಷಯ. ಒಂದು ವೀಡಿಯೊದಲ್ಲಿ ಚಿಟಿಕೆ ಹಳೆ ಕಾಲದ ಕರಿಮದ್ದಿಗೆ ಬೆಂಕಿ ಮುಟ್ಟಿಸಿದರು. ಭುಸ್ ಅಂತ ಒಂದೇ ಕ್ಷಣದಲ್ಲಿ ಹೋಯಿತು. ಈಗಿನ ಹೊಗೆ ಇಲ್ಲದ ಮದ್ದಿಗೆ ಮುಟ್ಟಿಸಿದರೆ ಹಳದಿ ಜ್ವಾಲೆಯಲ್ಲಿ ಆರಾಮವಾಗಿ ಉರಿಯುತ್ತಾ ಕೂತಿತು. ಹಾಗಾದರೆ ಕರಿಮದ್ದೇ ಜೋರು, ಹೊಸದು ಮೆದು ಎಂದಾಯಿತಲ್ಲ?

ಕೇಳುವುದಕ್ಕೆ ಕಾರಣ ಉಂಟು. ಅಜ್ಜನ ಕಾಲದ ಜೋಡುನಳಿಗೆ ಕೋವಿ ಈಗ ನನ್ನ ಲೈಸೆನ್ಸಿನಲ್ಲಿದೆ. ಹನ್ನೆರಡು ಬೋರು (ನಳಿಗೆಯ ಅಳತೆ), ವಿಲಾಯಿತಿ ಮಾಲು. ಅಜ್ಜ ಅದಕ್ಕೆ ಕರಿಮದ್ದಿನ ತೋಟೆ ಮಾತ್ರ ಹಾಕುತ್ತಿದ್ದರಂತೆ. ಹೊಸ ಮದ್ದು ನಿಧಾನ ಉರಿಯುವುದಾದರೆ ಅಂಗಡಿಯ ಹೊಸ ತೋಟೆಯಿಂದ ಹಳೆ ನಳಿಗೆಗೆ ಪೆಟ್ಟು ಕಡಿಮೆ ಅಂತ ನನ್ನ ಲೆಕ್ಕ. ಸರಿಯಾ?

ಮುಲ್ಕಿ ಪೇಟೆ:
ನಿಲ್ಲಿ ಮಾರಾಯ್ರೆ! ಕದ್ರಿ ಮೇಷ್ಟ್ರು ಬರುವವರೆಗೆ ಆ ಕೋವಿಗೆ ಎಂತದೂ ಹಾಕಬೇಡಿ.

ಪಡುಬಿದ್ರಿಯಿಂದ ಡಲ್ಲಾಸ್‌ಗೆ:
ನಿಮ್ಮ ಭಾವನ ಊರಿನಲ್ಲೇ ಇದ್ದೇನೆ, ಅದೇ ಹವ್ಯಾಸ. ಪಟ್ಟಿಯ ಭಾಗ ನಾನು ಹೇಳುತ್ತೇನೆ.

ಕಂಬಳ ನೋಡಿದ್ದೀರಲ್ಲ? ಮೊದಲ ಬಹುಮಾನ ಈ ಜೋಡಿಗೆ, ಎರಡನೆಯದು ಆ ಜೋಡಿಗೆ ಎಂದು ಮೈಕಿನಲ್ಲಿ ಹೇಳಿದರು ಅಂತಿಟ್ಟುಕೊಳ್ಳಿ. ನಡುವೆ ಎಷ್ಟು ಸೆಕೆಂಡು ಅಂತರ ಅಂತ ಅದರಿಂದ ಗೊತ್ತಾಗುತ್ತದಾ? ಕೂದಲೆಳೆಯೂ ಇರಬಹುದು, ಅರ್ಧ ಕರೆಯೂ (ಕೋಣ ಓಡುವ ಕೆಸರಿನ ದಾರಿ) ಇರಬಹುದು. ಈ ಪಟ್ಟಿಯೂ ಹಾಗೆಯೇ. ಯಾರ ಹಿಂದೆ ಯಾರು ಎಂದಷ್ಟೇ ಹೇಳುತ್ತದೆ. ಇನ್ನು ಒಂದು ಊರಿನ ಕರೆಯಲ್ಲಿ ಗೆದ್ದ ಕೋಣಗಳು ಇನ್ನೊಂದು ಊರಿನಲ್ಲಿ ಹಿಂದೆ ಬೀಳುತ್ತವೆ. ಕರೆಯ ಉದ್ದ ಬೇರೆ, ಕೆಸರು ಬೇರೆ.

ಮದ್ದಿನ ಕರೆ ಎಂದರೆ ಮುಚ್ಚಿದ ಗಟ್ಟಿ ಉಕ್ಕಿನ ಪಾತ್ರೆ. ಅದರೊಳಗೆ ಮದ್ದು ಉರಿಸಿ, ಒತ್ತಡ ಎಷ್ಟು ಬೇಗ ಏರಿತು ಎಂದು ಅಳೆಯುತ್ತಾರೆ. ಕೋವಿಯೊಳಗೆ ಕಥೆ ಬೇರೆ. ಅಲ್ಲಿ ಗುಂಡು ಮುಂದೆ ಓಡುತ್ತದೆ, ಜಾಗ ದೊಡ್ಡದಾಗುತ್ತಾ ಹೋಗುತ್ತದೆ. ಗುಂಡಿನ ತೂಕ, ತೋಟೆಯೊಳಗಿನ ಜಾಗ, ನಳಿಗೆಯ ಅಳತೆ, ಮದ್ದಿಗೆ ಕಿಡಿ ಕೊಡುವ ಕೇಪು, ಇಷ್ಟರಲ್ಲಿ ಒಂದು ಬದಲಾದರೂ ಅಕ್ಕಪಕ್ಕದ ಎರಡು ಮದ್ದು ಜಾಗ ಬದಲಿಸಿಕೊಳ್ಳುತ್ತವೆ. ಹಾಗಾಗಿ ಎರಡು ಕಂಪನಿಯ ಪಟ್ಟಿ ಹೊಂದದೇ ಇರುವುದು ತಪ್ಪಲ್ಲ. ಪಟ್ಟಿ ನೋಡಿ ಒಂದರ ಬದಲು ಇನ್ನೊಂದು ಹಾಕುವುದು ತಪ್ಪು.

4350ರ ವಿಷಯ: ಮೂರೂ ಬೇರೆ. ಸಂಖ್ಯೆ ಮೊದಲು ಐಎಂಆರ್ ಮದ್ದಿನದ್ದು, ಆಮೇಲೆ ಒಬ್ಬೊಬ್ಬರೂ ತಮ್ಮದಕ್ಕೆ ಅದನ್ನೇ ಅಂಟಿಸಿಕೊಂಡರು. ಒಂದರ ಅಳತೆಯನ್ನು ಇನ್ನೊಂದಕ್ಕೆ ಬಳಸುವ ಹಾಗಿಲ್ಲ. ಉಲ್ಟಾ ಉದಾಹರಣೆಯೂ ಇದೆ. ಎಚ್ 110 ಮತ್ತು ವಿಂಚೆಸ್ಟರ್ 296 ಹೆಸರು ಎರಡು, ಒಳಗಿನ ಮದ್ದು ಒಂದೇ.

ಹಾಗಾದರೆ ಪಟ್ಟಿ ಯಾಕೆ? ಜಾತಿ ಗುರುತಿಸಲು. ಬುಲ್ಸ್ಐ 1898ರಿಂದ ಇರುವ ಮದ್ದು, ಪಟ್ಟಿಯ ಮೇಲ್ತುದಿಯ ಹತ್ತಿರವೇ ಇರುತ್ತದೆ. ಅದು ಪಿಸ್ತೂಲಿಗೆ. ನಡುವಿನ ವಾರ್ಗೆಟ್ ಎಂಬ ಮದ್ದು .308 ಎಂಬ ಅಳತೆಯ ರೈಫಲ್‌ಗೆ ಹೊಂದುತ್ತದೆ. ರೈಫಲ್ ತೋಟೆಗೆ ಪಿಸ್ತೂಲಿನ ಮದ್ದು ತುಂಬಿದರೆ ಗುಂಡು ಹೊರಡುವ ಮೊದಲೇ ಒತ್ತಡ ತುತ್ತತುದಿಗೆ ಹೋಗುತ್ತದೆ. ನಿಧಾನದ್ದು ಯಾವಾಗಲೂ ಸುರಕ್ಷಿತ ಅಂತಲೂ ಇಲ್ಲ. ಅದನ್ನು ತೀರಾ ಕಡಿಮೆ ಹಾಕಿ ಕೋವಿ ಒಡೆದುಕೊಂಡವರಿದ್ದಾರೆ. ನಾವು ಅಳತೆಗೆ ನಂಬುವುದು ಮದ್ದು ಮಾಡಿದವರದೇ ಪುಸ್ತಕವನ್ನು, ಪಟ್ಟಿಯನ್ನಲ್ಲ.

ಮುಲ್ಕಿ ಪೇಟೆ:
ಒಂದು ಸಣ್ಣ ಮಾತು. ಆ ಪುಸ್ತಕಗಳಲ್ಲಿ ಬರುವ ಗ್ರೇನ್ ಎಂದರೆ ಗ್ರಾಂ ಅಲ್ಲ. 1 ಗ್ರೇನ್ 0.0648 ಗ್ರಾಂ. ಹದಿನೈದು ಪಟ್ಟು ವ್ಯತ್ಯಾಸ. ಮದ್ದಿನ ಕಾಳಿಗೂ ಗ್ರೇನ್ ಅನ್ನುತ್ತಾರೆ, ಅದು ಇನ್ನೊಂದು ತಲೆನೋವು.

ಕದ್ರಿ ಮೇಷ್ಟ್ರು:
ಕಾಲೇಜಿನಲ್ಲಿ ಮೂವತ್ತು ವರ್ಷ ರಸಾಯನಶಾಸ್ತ್ರ ಹೇಳಿದವ ನಾನು. ಹುಡುಗನ ಪ್ರಶ್ನೆ ಒಳ್ಳೆಯದು, ಉತ್ತರ ಮಾತ್ರ ಪೂರಾ ತಲೆಕೆಳಗು.

ವೀಡಿಯೊದಲ್ಲಿ ಕಂಡದ್ದು ಸುಳ್ಳಲ್ಲ. ಬಯಲಲ್ಲಿ ಕರಿಮದ್ದೇ ಬೇಗ. ಆದರೆ ಅಲ್ಲಿ ಒತ್ತಡ ಎಷ್ಟು? ನಮ್ಮ ಸುತ್ತಲಿನ ಗಾಳಿಯದು ಮಾತ್ರ. ಹೊಗೆ ಇಲ್ಲದ ಮದ್ದಿನ ವೇಗ ಒತ್ತಡದ ಜೊತೆ ಏರುತ್ತದೆ. ಒತ್ತಡ ಇಮ್ಮಡಿಯಾದರೆ ಉರಿಯುವ ವೇಗವೂ ಹೆಚ್ಚುಕಡಿಮೆ ಇಮ್ಮಡಿ. ವೇಗ ಏರಿದರೆ ಅನಿಲ ಜಾಸ್ತಿ, ಅನಿಲ ಜಾಸ್ತಿಯಾದರೆ ಒತ್ತಡ ಮತ್ತೆ ಏರುತ್ತದೆ. ಕರಿಮದ್ದಿಗೆ ಈ ಚಾಳಿ ಬಹಳ ಕಡಿಮೆ. ಮೇಲಾಗಿ ಅದು ಉರಿದ ಮೇಲೆ ಅರ್ಧಕ್ಕಿಂತ ಜಾಸ್ತಿ ಪಾಲು ಹೊಗೆ, ಮಸಿಯಾಗಿ ಉಳಿಯುತ್ತದೆ, ಅನಿಲ ಆಗುವುದೇ ಇಲ್ಲ. ಜಾತ್ರೆಯ ಗರ್ನಾಲು ಹೊಡೆದಾಗ ಗದ್ದೆಯೆಲ್ಲ ಬೆಳ್ಳಗಾಗುವುದು ಅದಕ್ಕೇ. ಹೊಸ ಮದ್ದು ಪೂರ್ತಿ ಅನ್ನುವಷ್ಟು ಅನಿಲವಾಗುತ್ತದೆ. ಹಾಗಾಗಿ ಬಯಲಲ್ಲಿ ಸೋಮಾರಿ, ಮುಚ್ಚಿದ ಕೋವಿಯೊಳಗೆ ರಾಕ್ಷಸ.

ಇನ್ನು ಕಾಳಿನ ಆಕಾರ. ಮದ್ದು ಉರಿಯುವುದು ಮೈಮೇಲಿನಿಂದ. ಬಚ್ಚಲ ಒಲೆಗೆ ಒಣ ಮಡಲು ಹಾಕಿದರೆ ಒಮ್ಮೆಲೇ ಧಗ್ ಅಂತ ಹತ್ತಿ ಮುಗಿಯುತ್ತದೆ, ದಪ್ಪ ಕಟ್ಟಿಗೆ ಬೆಳಗಿನವರೆಗೆ ಕೆಂಡ ಹಿಡಿಯುತ್ತದೆ. ಸಣ್ಣ ಬಿಲ್ಲೆಯಂಥ ಮದ್ದು ಮಡಲಿನ ಜಾತಿ. ಉದ್ದ ಕಡ್ಡಿಯಂಥದ್ದು ಕಟ್ಟಿಗೆ ಜಾತಿ. ಕೆಲವು ಕಡ್ಡಿಗೆ ನಡುವೆ ತೂತು ಇರುತ್ತದೆ. ಯಾಕೆ ಗೊತ್ತಾ? ಹಿಂದೆ ನಮ್ಮ ಮನೆಗಳಲ್ಲಿ ಮರದ ಹುಡಿಯ ಒಲೆ ಇತ್ತು. ನಡುವೆ ಬಾಟ್ಲಿ ನಿಲ್ಲಿಸಿ ಸುತ್ತ ಹುಡಿ ಗಿಡಿದು, ಬಾಟ್ಲಿ ಎಳೆದು ತೆಗೆದು, ಆ ತೂತಿಗೆ ಬೆಂಕಿ ಕೊಡುತ್ತಿದ್ದರು. ಉರಿದ ಹಾಗೆ ತೂತು ದೊಡ್ಡದಾಗುತ್ತದೆ, ಉರಿಯುವ ಮೈ ಹೆಚ್ಚುತ್ತದೆ. ತೂತಿನ ಕಡ್ಡಿಯಲ್ಲಿ ಹೊರಮೈ ಕರಗುತ್ತಾ ಹೋದರೆ ಒಳಮೈ ಬೆಳೆಯುತ್ತದೆ, ಉರಿ ಸಮವಾಗಿ ನಿಲ್ಲುತ್ತದೆ. ಏಳು ತೂತು ಮಾಡಿದರೆ ಉರಿ ಏರುತ್ತಲೇ ಹೋಗುತ್ತದೆ. ಅದು ದೊಡ್ಡ ಫಿರಂಗಿಗೆ. ಕಾಳಿನ ಮೇಲೆ ಉರಿ ತಡೆಯುವ ಲೇಪವನ್ನೂ ಕೊಡುತ್ತಾರೆ. ಪಟ್ಟಿಯ ಮೇಲೆ ಕೆಳಗೆ ಆಟ ಹೆಚ್ಚಾಗಿ ಇದರಿಂದಲೇ. ಫ್ರಾನ್ಸಿನ ಪಾಲ್ ವಿಯೆಲ್ 1884ರಲ್ಲಿ ಈ ಜಾತಿಯ ಮದ್ದು ಮಾಡಿದಾಗಿನಿಂದ ಶುರುವಾದ ಆಟ. ನಮ್ಮ ನೀಲಗಿರಿಯ ಅರವಂಕಾಡಿನ ಕಾರ್ಡೈಟ್ ಕಾರ್ಖಾನೆ 1903ರದ್ದು. ಕಾರ್ಡೈಟ್ ಹೆಸರೇ ಹುರಿ, ದಾರ ಎಂಬುದರಿಂದ ಬಂದದ್ದು. ಶಾವಿಗೆಯ ಹಾಗೆ ಒತ್ತಿ ತೆಗೆಯುತ್ತಿದ್ದರು.

ಅಜ್ಜನ ಕೋವಿಗೆ ಬರೋಣ. ಈಗಿನ ಹನ್ನೆರಡು ಬೋರಿನ ಮಾಮೂಲು ತೋಟೆಗೆ ಅಮೆರಿಕದವರು ಇಟ್ಟಿರುವ ಗರಿಷ್ಠ ಒತ್ತಡ 11,500 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್). ಕಾರಿನ ಚಕ್ರಕ್ಕೆ ನಾವು 32 ಹೊಡೆಸುತ್ತೇವೆ! ಕರಿಮದ್ದಿನ ಕಾಲದ ನಳಿಗೆಯನ್ನು ಹೊಸ ಮದ್ದಿಗೆ ಪರೀಕ್ಷೆ ಮಾಡಿರುವುದಿಲ್ಲ. ಇನ್ನೊಂದು ಮೋಸ ಉದ್ದದಲ್ಲಿ. ಹಳೆ ವಿಲಾಯಿತಿ ಕೋವಿಯ ತೋಟೆ ಗೂಡು ಹೆಚ್ಚಾಗಿ ಎರಡೂವರೆ ಇಂಚು, ಈಗಿನ ತೋಟೆ ಎರಡೂ ಮುಕ್ಕಾಲು. ಒಳಗೆ ಹೋಗಿ ಕೂತುಕೊಳ್ಳುತ್ತದೆ, ಕೋವಿ ಮುಚ್ಚುತ್ತದೆ, ಎಲ್ಲ ಸರಿ ಅನಿಸುತ್ತದೆ. ಹೊಡೆದಾಗ ತೋಟೆಯ ಬಾಯಿ ಬಿಡಿಸಿಕೊಳ್ಳಲು ಜಾಗ ಸಾಲದೆ ಒತ್ತಡ ಇನ್ನೂ ಏರುತ್ತದೆ.

ನಳಿಗೆ ಬಿಚ್ಚಿ ಕೆಳಮೈ ನೋಡಿ. ಕಿರೀಟದ ಕೆಳಗೆ ಎನ್ ಪಿ ಎಂಬ ಅಕ್ಷರ ಇದ್ದರೆ ಹೊಸ ಮದ್ದಿಗೆ ಪರೀಕ್ಷೆ ಆಗಿದೆ ಎಂದರ್ಥ. ಇದ್ದರೂ ಲೈಸೆನ್ಸಿರುವ ಕೋವಿ ರಿಪೇರಿಯವರ ಹತ್ತಿರ ನಳಿಗೆ ಅಳೆಸದೆ ಹೊಡೆಯಬೇಡಿ. ನಮ್ಮ ಕರಾವಳಿಯ ಉಪ್ಪುಗಾಳಿ, ಕರಿಮದ್ದಿನ ಮಸಿ ಎರಡೂ ಸೇರಿದರೆ ನಳಿಗೆಯನ್ನು ಒಳಗಿಂದೊಳಗೆ ತಿನ್ನುತ್ತವೆ. ಆ ಮಸಿ ನೀರು ಎಳೆಯುತ್ತದೆ.

ಬೈಂದೂರು ತೋಟ:
ಮೇಷ್ಟ್ರೇ, ಕರಿಮದ್ದಿನ ತೋಟೆ ಈಗ ಸಿಗುವುದಿಲ್ಲವಲ್ಲ. ಹಳೆ ತೋಟೆಗೆ ಮನೆಯಲ್ಲೇ ತುಂಬಿದರೆ ಆಗದಾ?

ಕದ್ರಿ ಮೇಷ್ಟ್ರು:
ಆಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಪ್ರಕಾರ ಮದ್ದುಗುಂಡು ತಯಾರಿಸಲು ಬೇರೆಯೇ ಲೈಸೆನ್ಸ್ ಬೇಕು. ಬೆಳೆ ಕಾಯುವ ಕೋವಿಯ ಲೈಸೆನ್ಸ್ ಅದಕ್ಕೆ ಸಾಲದು. ಟೆಕ್ಸಾಸಿನ ಹವ್ಯಾಸ ಟೆಕ್ಸಾಸಿನಲ್ಲೇ ಇರಲಿ.

ಹಿರಿಯಡ್ಕದ ಹುಡುಗ:
ಎಲ್ಲರಿಗೂ ಉಪಕಾರ. ಗುರುತು ಈಗಲೇ ನೋಡುವ ಅಂದರೆ ಕೋವಿ ಮನೆಯಲ್ಲಿಲ್ಲ! ಚುನಾವಣೆ ಅಂತ ಠಾಣೆಯಲ್ಲಿ ಠೇವಣಿ ಉಂಟು. ಅಡಿಕೆ ತೋಟಕ್ಕೆ ಹಂದಿ ಬರುವುದು ಚುನಾವಣೆ ನೋಡಿಕೊಂಡಲ್ಲ, ಆದರೆ ಯಾರಿಗೆ ಹೇಳುವುದು. ಬಿಡಿಸಿಕೊಂಡು ಬಂದ ಮೇಲೆ ಬರೆಯುತ್ತೇನೆ.

ಹಿರಿಯಡ್ಕದ ಹುಡುಗ:
ಆರು ವಾರ ಆಯಿತು. ಕೋವಿ ನಿನ್ನೆ ಬಂತು. ತೆಂಗಿನೆಣ್ಣೆ ಹಚ್ಚಿ ಬಟ್ಟೆಯಲ್ಲಿ ಒರೆಸಿ ಟಾರ್ಚ್ ಹಿಡಿದು ನೋಡಿದೆ. ಎನ್ ಪಿ ಎಲ್ಲಿಯೂ ಇಲ್ಲ. ಒಂದು ಕಡೆ ಇಂಗ್ಲಿಷಿನಲ್ಲಿ ನಾಟ್ ಫಾರ್ ಬಾಲ್ ಅಂತ ಒತ್ತಿದ್ದಾರೆ. ಇದೆಂತದು?

ಕದ್ರಿ ಮೇಷ್ಟ್ರು:
ಬಾಯಿ ಕಿರಿದು ಮಾಡಿದ ನಳಿಗೆ, ಒಂಟಿ ಗುಂಡು ಹಾಕಬೇಡಿ, ಚರೆ (ಸಣ್ಣ ಸಣ್ಣ ಗುಂಡು) ಮಾತ್ರ ಎಂಬ ಎಚ್ಚರಿಕೆ. 1875ರಿಂದ 1887ರವರೆಗೆ ಹೀಗೆ ಒತ್ತುತ್ತಿದ್ದರು, ಆಮೇಲೆ ಆ ಜಾಗಕ್ಕೆ ಚೋಕ್ ಎಂಬ ಗುರುತು ಬಂತು. ಅಂದರೆ ನಿಮ್ಮ ನಳಿಗೆ ಅಚ್ಚ ಕರಿಮದ್ದಿನ ಕಾಲದ್ದು. ಹೊಸ ತೋಟೆ ಬೇಡವೇ ಬೇಡ. ಮತ್ತೆ ತೆಂಗಿನೆಣ್ಣೆ ಯಾಕೆ ಹಚ್ಚಿದಿರಿ? ಚಳಿಗೆ ಅದು ಹೆಪ್ಪುಗಟ್ಟುತ್ತದೆ. ಒರೆಸಿ ತೆಗೆದು ಹೊಲಿಗೆ ಮಿಷನ್ನಿನ ಎಣ್ಣೆ ಹಾಕಿ.

ಹಿರಿಯಡ್ಕದ ಹುಡುಗ:
ಸರಿ ಮೇಷ್ಟ್ರೇ. ಇನ್ನು ಆಯುಧಪೂಜೆಗೆ ಹೂ ಇಡಲು ಮಾತ್ರ. ಹಂದಿಗೆ ಸದ್ಯ ಗರ್ನಾಲು. ಭಾವನಿಗೆ ಈ ಚರ್ಚೆ ಕಳಿಸಿದೆ. ಎರಡೂ ಪಟ್ಟಿಯನ್ನು ಮದ್ದಿನ ಶೆಡ್ಡಿನ ಗೋಡೆಯಿಂದ ತೆಗೆದು ಪುಸ್ತಕ ಇಟ್ಟಿದ್ದಾರಂತೆ.